ನೀಲತ್ತೆಯ ಮಸಿನುಂಗಣ್ಣ

ಧೂಳು ಕೂತ ರೆಸಿಸ್ಟರ್ ಬಿಸಿಯಾಗತೊಡಗಿದಾಗ ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯಲ್ಲ, ಸುಡುವುದಕ್ಕೆ ಇನ್ನೂ ಹೊತ್ತಿದೆ ಎನ್ನುವಾಗಿನದು. ಸ್ವಲ್ಪ ಅರಗು, ಸ್ವಲ್ಪ ಮಣ್ಣು, ಎಲ್ಲೋ ಒಂದಿಷ್ಟು ಸಿಹಿ. ಶಿವಮೊಗ್ಗದ ಒಂದು ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಹದಿನೇಳು ವರ್ಷ ಕಳೆದಿರುವ ನನಗೆ ಅದು ಒಗ್ಗರಣೆಯ ವಾಸನೆಯಷ್ಟೇ ಮಾಮೂಲಾಗಿರಬೇಕಿತ್ತು. ಆಗಿಲ್ಲ. ಹೋದ ತಿಂಗಳು ರಾಗಿಗುಡ್ಡದ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ತಾನೇ ಮನೆಯಲ್ಲಿ ಕಟ್ಟಿದ ಹೈವೋಲ್ಟೇಜ್ ಪವರ್ ಸಪ್ಲೈಯನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ತಂದಳು. "ಮೇಡಂ, ಪವರ್ ಡಿಸಿಪೇಷನ್ ಒಂಚೂರು ಚೆಕ್ ಮಾಡ್ಕೊಡಿ. ಈ ರೆಸಿಸ್ಟರ್ ಬಿಸಿ ಆಗ್ತಿದೆ, ಭಯ ಆಗುತ್ತೆ" ಅಂದಳು. ನಾನು ವೋಲ್ಟ್ ಅಳೆದೆ, ಲೆಕ್ಕ ಹಾಕಿದೆ. ಎರಡು ವ್ಯಾಟ್ ತಾಳುವ ರೆಸಿಸ್ಟರು ಒಂದು ವ್ಯಾಟನ್ನಷ್ಟೇ ಶಾಖವಾಗಿ ಹೊರಹಾಕುತ್ತಿತ್ತು. "ಬಿಸಿ ಇರ್ಲಿ ಬಿಡು. ಬಿಸಿ ಇರೋತನಕ ಅದು ಕೆಲಸ ಮಾಡ್ತಿದೆ ಅಂತ ಅರ್ಥ. ತಣ್ಣಗಾದ್ರೆ ಮಾತ್ರ ಮುಟ್ಟದೆ ನನ್ ಹತ್ರ ಓಡಿ ಬಾ" ಅಂದೆ. ಹುಡುಗಿ ತಮಾಷೆ ಅಂದುಕೊಂಡು ನಕ್ಕಳು. ನಾನೂ ನಕ್ಕಿರಬೇಕು. ಅವಳು ಡಬ್ಬ ಎತ್ತಿಕೊಂಡು ಹೋದ ಮೇಲೂ ಆ ವಾಸನೆ ಮೇಜಿನ ಮೇಲೆ ಉಳಿದಿತ್ತು, ನಾನು ಅದರ ಎದುರು ಕೂತಿದ್ದೆ, ಮುಂದಿನ ಬ್ಯಾಚಿನವರು ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಗಲಿಲ್ಲ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು ಇದನ್ನು ಓದುತ್ತಿದ್ದರೆ ಅವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಮುಂದೊಂದು ದಾಸವಾಳ, ಸಾಲಿನ ಎಲ್ಲ ಮನೆಗೂ ಒಂದೇ ಬಣ್ಣದ ಬಾಗಿಲು. ಒಂದು ಸೈರನ್ನಿಗೆ ಹಾಲು ಒಲೆಯ ಮೇಲೆ ಏರುತ್ತಿತ್ತು, ಮುಂದಿನ ಸೈರನ್ನಿಗೆ ನಾವು ಶಾಲೆಗೆ ಹೊರಡುತ್ತಿದ್ದೆವು. ಮನೆಯಲ್ಲಿ ಗಡಿಯಾರ ಇತ್ತು, ಯಾರೂ ಅದರ ಮುಖ ನೋಡುತ್ತಿರಲಿಲ್ಲ. ಗಾಳಿ ಚಿಮಣಿಯ ಕಡೆಯಿಂದ ಬೀಸಿದ ದಿನ ಒಣಹಾಕಿದ ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಮಸಿ ಬಂದು ಕೂರುತ್ತಿತ್ತು. ಅದನ್ನು ಕೈಯಲ್ಲಿ ಒರೆಸಬಾರದು, ಒರೆಸಿದರೆ ಗೆರೆ ಎಳೆಯುತ್ತದೆ, ಬಾಯಲ್ಲಿ ಊದಬೇಕು. ಇದು ನಾನು ಅಕ್ಷರಕ್ಕಿಂತ ಮೊದಲು ಕಲಿತ ವಿದ್ಯೆ. ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಡ್ಯೂಟಿಗೆ ಹೋದರೆ ಸಂಜೆ ಬರುವಷ್ಟರಲ್ಲಿ ಮೂರು ಗೆರೆಯೂ ಬೂದುಗಪ್ಪಾಗಿರುತ್ತಿದ್ದವು. ಅಮ್ಮ ಅದನ್ನು ನೋಡಿ, "ಬಂದ್ರು ನಮ್ಮ ಕರಿಲಿಂಗಪ್ಪ" ಎಂದು ನೀರು ಕಾಯಿಸಲು ಏಳುತ್ತಿದ್ದಳು.

ಆ ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ರುದ್ರಪ್ಪ, ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್ನಿನವರು, ಅಮ್ಮ, ನಾನು, ಮತ್ತು ಅಪ್ಪನ ತಂಗಿ ನೀಲತ್ತೆ. ನೀಲತ್ತೆಗೆ ಹುಟ್ಟಿನಿಂದ ಉಬ್ಬಸ. ಮದುವೆಯ ಮಾತು ಎರಡು ಸಲ ಬಂದು ಉಬ್ಬಸದ ಸುದ್ದಿ ಕೇಳಿ ಹಿಂದಿರುಗಿತ್ತು. ಬೀದಿಯ ಕಡೆಗಿನ ಕೋಣೆಯ ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಇಡೀ ಸಾಲಿನ ರವಿಕೆ ಹೊಲಿಯುತ್ತಿದ್ದಳು. ಉಸಿರು ಕಡಿಮೆ ಇದ್ದವಳಿಗೆ ಮಾತು ಮಾತ್ರ ಧಾರಾಳ. ಅಳತೆ ಕೊಡಲು ಬಂದವರಿಗೆ, "ಹೋದ ಸಲದ ಅಳತೆ ಇದೆ ಮಾರಾಯ್ತಿ, ಎಷ್ಟು ಇಂಚು ಸೇರಿಸ್ಲಿ ಅಂತ ನೀನೇ ನಾಚಿಕೆ ಬಿಟ್ಟು ಹೇಳು" ಎನ್ನುವಳು. ಕೆಟ್ಟ ದಿನಗಳಲ್ಲಿ ಗೋಡೆಗೆ ಒರಗಿ ಕೂತು, ಎರಡು ಕೈ ಮಂಡಿಗೆ ಊರಿ, ಒಂದೊಂದು ಉಸಿರನ್ನೂ ದೂರದ ಬಾವಿಯಿಂದ ಸೇದಿದಂತೆ ಎಳೆಯುವಳು. ಆಗ ನಾನು ಪಕ್ಕದಲ್ಲಿ ಕೂತು ಅವಳ ಜೊತೆಗೇ ಉಸಿರಾಡಲು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನನಗೇ ತಲೆ ಸುತ್ತು ಬರುತ್ತಿತ್ತು. ನನಗೆ ಆ ಮನೆಯಲ್ಲಿ ಎಲ್ಲರಿಗಿಂತ ನೀಲತ್ತೆಯೇ ಹೆಚ್ಚು ಇಷ್ಟ. ಇದನ್ನು ಅಮ್ಮನ ಎದುರೇ ಹೇಳಿದ್ದೆ, ಅಮ್ಮ ಬೇಸರ ಮಾಡಿಕೊಂಡಿರಲಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ನೋಡಿಕೊಳ್ಳುತ್ತಿದ್ದ ಯಂತ್ರಗಳಲ್ಲಿ ಹೊಗೆಯೊಳಗಿನ ಬೂದಿ ಹಿಡಿಯುವುದೂ ಒಂದು. ದೊಡ್ಡ ದೊಡ್ಡ ತಗಡುಗಳ ನಡುವೆ ಹೈವೋಲ್ಟೇಜ್ ಹರಿಸಿದರೆ ಹೊಗೆಯ ಬೂದಿ ತಗಡಿಗೆ ಅಂಟಿಕೊಂಡು ಉಳಿದ ಗಾಳಿ ಮೇಲೆ ಹೋಗುತ್ತದೆ. ಅಷ್ಟು ದೊಡ್ಡದು ಚಿಮಣಿಗೆ ಆಗುವುದಾದರೆ ಅಷ್ಟು ಚಿಕ್ಕದು ತಂಗಿಯ ಕಿಟಕಿಗೆ ಯಾಕೆ ಆಗಬಾರದು ಎಂದು ಅಪ್ಪನ ತಲೆಗೆ ಬಂತು. ನನಗೆ ಆಗ ಹತ್ತು ವರ್ಷ. ಅಪ್ಪ ಶಿವಮೊಗ್ಗದ ಗುಜರಿ ಅಂಗಡಿಗಳನ್ನು ಸುತ್ತಿ ಒಂದು ಟ್ರಾನ್ಸ್‌ಫಾರ್ಮರ್ ತಂದರು. ಪಕ್ಕದ ಮನೆಯ ಸೆಲ್ವಂ ಮಾಮ, ಅದೇ ಸೆಕ್ಷನ್ನಿನಲ್ಲಿ ಅಪ್ಪನ ಜೋಡಿ, ಎಲ್ಲಿಂದಲೋ ಒಂದು ಎಣ್ಣೆ ತುಂಬಿದ ಕಪಾಸಿಟರ್ ಹಿಡಿದುಕೊಂಡು ಬಂದರು. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಭಾರ. ಡಾಲ್ಡಾ ಡಬ್ಬ ಬಿಚ್ಚಿ ತಗಡು ಕತ್ತರಿಸಿದರು. ಒಂದು ತಿಂಗಳ ಕೊನೆಗೆ ನೀಲತ್ತೆಯ ಕಿಟಕಿಯಲ್ಲಿ ಮರದ ಚೌಕಟ್ಟು, ಅದರಲ್ಲಿ ಸಾಲಾಗಿ ತಗಡುಗಳು, ಹಿಂದೆ ಒಂದು ಟೇಬಲ್ ಫ್ಯಾನು, ಕೆಳಗೆ ಪೆಟ್ಟಿಗೆ. ಸ್ವಿಚ್ ಹಾಕಿದಾಗ ಬಾಣಲೆಯಲ್ಲಿ ಎಣ್ಣೆ ಸದ್ದು ಮಾಡಿದಂತೆ ಒಂದು ಸಣ್ಣ ಸುಯ್ ಶಬ್ದ. ವಾರಕ್ಕೆ ತಗಡುಗಳ ಮೇಲೆ ಮಖಮಲ್ಲಿನಂತೆ ಕಪ್ಪು ಕೂತಿತ್ತು. ನೀಲತ್ತೆ ಅದನ್ನು ಬೆರಳಲ್ಲಿ ತೆಗೆದು ಅಪ್ಪನಿಗೆ ತೋರಿಸಿ, "ನೋಡಣ್ಣ, ಇಷ್ಟು ನನ್ನ ಹೊಟ್ಟೆಗೆ ಹೋಗ್ಬೇಕಿತ್ತು. ನಿನ್ ಈ ಮಸಿನುಂಗಣ್ಣ ನುಂಗ್ಬಿಟ್ಟ" ಅಂದಳು. ಅಲ್ಲಿಂದ ಅದಕ್ಕೆ ಅದೇ ಹೆಸರಾಯಿತು. ಈಗಿನ ನನ್ನ ವಿದ್ಯಾರ್ಥಿಗಳು ಅದರಿಂದ ಬರುವ ಓಝೋನ್ ಉಬ್ಬಸಕ್ಕೆ ಒಳ್ಳೆಯದಲ್ಲ ಎಂದು ತಿದ್ದಬಹುದು. ಇರಬಹುದು. ಆ ಚಳಿಗಾಲ ನೀಲತ್ತೆ ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಪ್ಪನಿಗೆ ಲೆಕ್ಕದ ಮೇಲೆ ಬಹಳ ಹೆಮ್ಮೆ. ಓದಿದ್ದು ಐಟಿಐ, ಆದರೆ ಸಾಲಿನಲ್ಲಿ ಯಾರ ಮನೆಗೆ ಮೋಟಾರು ತಂದರೂ ವೈರು ಎಷ್ಟು ದಪ್ಪ ಬೇಕೆಂದು ಕೇಳಲು ಅವರ ಹತ್ತಿರವೇ ಬರುತ್ತಿದ್ದರು. ಮಸಿನುಂಗಣ್ಣನ ಲೆಕ್ಕವನ್ನು ಅವರು ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನಗೆ ವಿವರಿಸಿದರು. ಸ್ವಿಚ್ ಆರಿಸಿದರೂ ಕಪಾಸಿಟರಿನೊಳಗೆ ಕರೆಂಟು ತೊಟ್ಟಿಯ ನೀರಿನ ಹಾಗೆ ಉಳಿದಿರುತ್ತದೆ. ಅದು ತಾನಾಗಿ ಹರಿದುಹೋಗಲೆಂದು ರೆಸಿಸ್ಟರ್ ಎಂಬ ತೂತು. ಆ ತೂತು ಯಂತ್ರ ನಡೆಯುತ್ತಿರುವಾಗಲೂ ಸೋರುತ್ತಲೇ ಇರುವುದರಿಂದ ಬಿಸಿಯಾಗುತ್ತದೆ. ಮೊದಲು ಮೂರು ರೆಸಿಸ್ಟರ್ ಹಾಕಿದ್ದರು. ಎರಡನೇ ದಿನವೇ ಕಮಟು ವಾಸನೆ ಬಂದು ನೀಲತ್ತೆ ಕೆಮ್ಮಿ ಕೆಮ್ಮಿ ಸುಸ್ತಾದಳು. ಅಪ್ಪ ಮತ್ತೆ ಸೀಮೆಸುಣ್ಣ ಹಿಡಿದು ಕೂತರು. ಆರು ಸಾವಿರ ವೋಲ್ಟು, ಮೂರು ರೆಸಿಸ್ಟರು, ಒಂದೊಂದಕ್ಕೂ ನಾಲ್ಕು ವ್ಯಾಟ್ ಹೊರೆ, ತಾಳುವುದು ಎರಡೇ. ಹಾಗಾಗಿ ಒಂದರ ಹಿಂದೊಂದು ಸೇರಿಸಿ ಆರು ಹಾಕಿದರು. ಸೋರುವುದೂ ಅರ್ಧವಾಗಿ ಈಗ ಒಂದೊಂದಕ್ಕೂ ಒಂದೇ ವ್ಯಾಟ್. "ಅರ್ಧ ಹೊರೆ ಪುಟ್ಟಿ, ಆರಾಮಾಗಿ ಹೊರುತ್ವೆ" ಎಂದು ಉತ್ತರದ ಕೆಳಗೆ ಎರಡು ಗೆರೆ ಎಳೆದರು. ಆರನ್ನೂ ಒಂದು ಪಿಂಗಾಣಿ ಕೊಳವೆಯೊಳಗೆ ಇಳಿಸಿ, ಎರಡೂ ತುದಿ ಮುಚ್ಚಿ, ಪೆಟ್ಟಿಗೆಯಲ್ಲಿ ಕೂರಿಸಿದರು. ಅಮ್ಮ ಆ ಎರಡು ಗೆರೆಯ ಮೇಲೆ ಕಾಲಿಡದೆ ಎರಡು ದಿನ ಓಡಾಡಿದಳು.

ಅಪ್ಪ ಮತ್ತು ಸೆಲ್ವಂ ಮಾಮನ ಸೆಕ್ಷನ್ನಿನವರಿಗೆ ಒಂದು ಅಭ್ಯಾಸ ಇತ್ತು. ಅವರು ದಿನವೂ ಮೋಟಾರುಗಳ ಸುತ್ತ ಒಂದು ರೌಂಡ್ ಹೋಗಿ ಬೇರಿಂಗ್ ಇರುವ ಕಡೆ ಅಂಗೈ ಅಲ್ಲ, ಕೈಯ ಹಿಂಬದಿ ಇಟ್ಟು ನೋಡುತ್ತಿದ್ದರು. ಅಂಗೈ ಇಟ್ಟರೆ ಶಾಕ್ ಹೊಡೆದಾಗ ಬೆರಳು ಮಡಚಿ ಹಿಡಿದುಕೊಂಡುಬಿಡುತ್ತದೆ, ಹಿಂಬದಿಯಾದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಹತ್ತು ಎಣಿಸುವವರೆಗೆ ಇಡಲಾಗದಷ್ಟು ಬಿಸಿಯಿದ್ದರೆ ಮೋಟಾರು ಕೆಡುತ್ತಿದೆ ಎಂದು ಅರ್ಥ. ಬೆಚ್ಚಗಿದ್ದರೆ ಪರವಾಗಿಲ್ಲ. ತಣ್ಣಗಿದ್ದರೆ ಭೇಷ್, ಗ್ರೀಸ್ ಹಾಕಿದವನಿಗೆ ಒಂದು ಟೀ. ಇಡೀ ಜೀವನ ಬೇರಿಂಗ್ ಮುಟ್ಟಿದ ಜನರಿಗೆ ಬಿಸಿ ಅಂದರೆ ರೋಗ, ತಣ್ಣಗೆ ಅಂದರೆ ಆರೋಗ್ಯ. ಅದೇ ಪರೀಕ್ಷೆಯನ್ನು ಅಪ್ಪ ಮಸಿನುಂಗಣ್ಣನಿಗೂ ಇಟ್ಟರು, ಪರೀಕ್ಷಕಿ ನಾನು. ಭಾನುವಾರ ಬೆಳಿಗ್ಗೆ ತಗಡು ತೊಳೆಯುವ ಮೊದಲು ಪ್ಲಗ್ ಕೀಳುವುದು, ಗಟ್ಟಿಯಾಗಿ ನೂರು ಎಣಿಸುವುದು, ಕೊಳವೆಯ ಮೇಲೆ ಕೈಯ ಹಿಂಬದಿ ಇಡುವುದು, ಹೇಗಿದೆ ಎಂದು ಅಪ್ಪನಿಗೆ ಕೂಗಿ ಹೇಳುವುದು. ಆಮೇಲೆ ನೀಲತ್ತೆ ತಗಡು ತೆಗೆಯುತ್ತಿದ್ದಳು. ಅವಳ ಉಸಿರಿನ ಯಂತ್ರ, ಬೇರೆ ಯಾರೂ ತೊಳೆಯುವ ಹಾಗಿರಲಿಲ್ಲ. ಪ್ರತಿ ವಾರವೂ ನನ್ನ ಉತ್ತರ "ಬೆಚ್ಚಗಿದೆ." ಅಪ್ಪನಿಗೆ ಆ ಬೆಚ್ಚಗೆ ಎನ್ನುವುದೂ ಸಾಲದು. ಒಂದು ಶನಿವಾರ ಕೂತು ಪೆಟ್ಟಿಗೆಯ ಎರಡು ಪಕ್ಕಕ್ಕೂ ಸಾಲಾಗಿ ತೂತು ಕೊರೆದರು, ಗಾಳಿಯಾಡಿ ಇನ್ನಷ್ಟು ತಂಪಾಗಲಿ ಎಂದು.

ಮಾರನೇ ದಿನ ನಾನು ಪ್ಲಗ್ ಕಿತ್ತೆ. ನೂರು ಎಣಿಸಿದೆ. ಕೈ ಇಟ್ಟೆ. ಕೊಳವೆ ಅಡುಗೆಮನೆಯ ಕಲ್ಲಿನ ಹಾಗೆ ತಣ್ಣಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಹಿತ್ತಿಲಿನಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪನಿಗೆ ಕೇಳಲೆಂದು ಕಿರುಚಿದೆ: "ಅಪ್ಪಾ, ತಣ್ಣಗಿದೆ! ಪೂರ್ತಿ ತಣ್ಣಗಿದೆ!" ಅಪ್ಪ ಬಾಯ ತುಂಬ ನೊರೆ ಇಟ್ಟುಕೊಂಡೇ "ಭೇಷ್" ಅಂದರು. ನೀಲತ್ತೆ ಸೆರಗು ಸಿಕ್ಕಿಸಿಕೊಂಡು, "ಸರಿ ಏಳೇ ಮಾರಾಯ್ತಿ ಅಲ್ಲಿಂದ, ನಿನ್ ಫ್ರಾಕಿಗೆ ಮಸಿ ಆಗುತ್ತೆ" ಎಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. ಎಡಗೈಯಲ್ಲಿ ಚೌಕಟ್ಟು ಹಿಡಿದು ಬಲಗೈಯನ್ನು ತಗಡಿಗೆ ಹಾಕಿದಳು. ಚಟ್ ಎಂದು ಒಂದು ಸದ್ದು, ಒಣಗಿದ ಕಡ್ಡಿ ಮುರಿದ ಹಾಗೆ. ಅವಳು ಕೂಗಲಿಲ್ಲ. ಕೂತಲ್ಲೇ ಹಿಂದಕ್ಕೆ ವಾಲಿ ಹೊಲಿಗೆ ಯಂತ್ರದ ಕಾಲಿಗೆ ಒರಗಿದಳು. ಕೆಟ್ಟ ದಿನಗಳಲ್ಲಿ ಅವಳು ಹೀಗೆಯೇ ಒರಗುವುದರಿಂದ ನಾನು ಪಕ್ಕದಲ್ಲಿ ಕೂತು ಜೊತೆಗೆ ಉಸಿರಾಡಲು ಕಾದೆ. ಅವಳು ಎಳೆದುಕೊಳ್ಳಲೇ ಇಲ್ಲ.

ಗೋಡೆಯಾಚೆಯಿಂದ ಸೆಲ್ವಂ ಮಾಮ ಅಮ್ಮನ ಕೂಗು ಕೇಳಿ ಬನಿಯನ್ನಿನಲ್ಲೇ ಓಡಿ ಬಂದರು. "ಎನ್ನ ಆಚ್ಚು, ಏನಾಯ್ತು ರುದ್ರಣ್ಣಾ?" ಎನ್ನುತ್ತಾ ಬಂದವರು ಕಿಟಕಿಯ ಕಡೆ, ಪೆಟ್ಟಿಗೆಯ ಕಡೆ, ನೆಲದ ಕಡೆ ಒಮ್ಮೆ ನೋಡಿ, ಮತ್ತೇನೂ ಕೇಳದೆ ಅಪ್ಪನ ಜೊತೆ ನೀಲತ್ತೆಯನ್ನು ಎತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ನಾನು ಅಮ್ಮನ ಸೆರಗು ಹಿಡಿದು ಅಲ್ಲೇ ನಿಂತಿದ್ದೆ. ಅಪ್ಪ ಹೇಳಿದರು: "ನಾನು ಸ್ವಿಚ್ ಆಫ್ ಮಾಡೋದು ಮರ್ತೆ ಸಾರ್." ಅದೇ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳಿದರು. ನೀಲತ್ತೆಯನ್ನು ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವು ಮುಡಿಸಿದಾಗ ಬಂದ ಜಂಗಮರಿಗೂ ಹೇಳಿದರು. ಪ್ಲಗ್ ಕಿತ್ತದ್ದು ನಾನು, ನನ್ನ ಕೈಯಲ್ಲಿ ಅದರ ಮೂರು ಪಿನ್ನಿನ ನೆನಪಿತ್ತು. ಅಪ್ಪ ಸುಳ್ಳು ಹೇಳುತ್ತಿದ್ದಾರೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಅಂದುಕೊಂಡೆ. ನನಗೆ ಅಳು ಬರಲಿಲ್ಲ. ಯಾರೋ ತಟ್ಟೆಯಲ್ಲಿ ಚಿತ್ರಾನ್ನ ಕೊಟ್ಟರು, ತಿಂದೆ, ಇನ್ನೂ ಬೇಕೆನಿಸಿತು, ಕೇಳಿ ಹಾಕಿಸಿಕೊಂಡೆ.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಲೆಕ್ಟ್ರಿಷಿಯನ್ನಿಗೆ ಸ್ವಿಚ್ ಮರೆಯುವುದಕ್ಕಿಂತ ಕೆಟ್ಟ ಹೆಸರು ಇನ್ನೊಂದಿಲ್ಲ. ಅದು ಆ ಕೆಲಸದ ಮೊದಲನೇ ಪಾಠ. ಸೆಕ್ಷನ್ನಿನಲ್ಲಿ ಹೊಸ ಹುಡುಗರು ಕೂಡ "ರುದ್ರಣ್ಣ, ಸ್ವಿಚ್ ನೋಡಿದ್ರಾ?" ಎಂದು ಕೇಳಿ ನಗುತ್ತಿದ್ದರಂತೆ. ಸಾಲಿನಲ್ಲಿ ಯಾರೂ ವೈರಿನ ದಪ್ಪ ಕೇಳಲು ಬರಲಿಲ್ಲ. ಅಪ್ಪ ತಾವಾಗಿಯೇ ಕೇಳಿಕೊಂಡು ಸ್ಟೋರಿಗೆ ವರ್ಗ ಮಾಡಿಸಿಕೊಂಡು, ನಿವೃತ್ತಿಯವರೆಗೆ ನಟ್ಟು ಬೋಲ್ಟು ಎಣಿಸಿ ಕೊಟ್ಟರು. ನಾವು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ದುರ್ಗಿಗುಡಿಗೆ ಬಾಡಿಗೆ ಮನೆಗೆ ಬಂದೆವು. ಅಮ್ಮ ಅಲ್ಲೇ ತೀರಿಕೊಂಡಳು. ನನಗೆ ಮದುವೆ ಆಗಲಿಲ್ಲ, ಅದು ಬೇರೆ ಕಥೆ. ಅಪ್ಪ, ನಾನು, ಇಬ್ಬರೇ. ಆ ಭಾನುವಾರದ ನಂತರ ಅಪ್ಪ ನನ್ನನ್ನು ಏನನ್ನೂ ನೋಡಿ ಹೇಳು ಎಂದು ಕೇಳಲಿಲ್ಲ. ಸ್ನಾನದ ನೀರು ಕಾದಿದೆಯೇ, ಹಾಲು ಕೆಟ್ಟಿದೆಯೇ, ಗ್ಯಾಸ್ ಆರಿದೆಯೇ, ಎಲ್ಲವನ್ನೂ ತಾವೇ ಎದ್ದು ಹೋಗಿ ನೋಡಿಕೊಳ್ಳುತ್ತಿದ್ದರು. ಸುಳ್ಳು ಹೇಳಿದವರಿಗೆ ಅದನ್ನು ಬಲ್ಲವರ ಮುಖ ನೋಡುವುದು ಕಷ್ಟ ಎಂದು ನಾನು ತಿಳಿದಿದ್ದೆ.

ಮೊದಮೊದಲು ನಾನು ನೂರು ಸರಿಯಾಗಿ ಎಣಿಸಲಿಲ್ಲವೇನೋ, ಅರವತ್ತರ ಮೇಲೆ ಹಾರಿಸಿದೆನೇನೋ ಎಂದು ಹೆದರಿದ್ದೆ. ಡಿಪ್ಲೊಮಾ ಎರಡನೇ ವರ್ಷದಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಇಂಥದೇ ಸರ್ಕ್ಯೂಟು ಬರೆದ ದಿನ ಆ ಹೆದರಿಕೆ ಹೋಯಿತು, ಅದಕ್ಕಿಂತ ದೊಡ್ಡದು ಬಂತು. ಸೋರುವ ರೆಸಿಸ್ಟರು ತಣ್ಣಗಿದ್ದರೆ ಅದು ಸೋರುತ್ತಿಲ್ಲ ಎಂದು ಅರ್ಥ. ಆರರಲ್ಲಿ ಒಂದು ಸತ್ತರೂ ದಾರಿ ಕಡಿಯುತ್ತದೆ, ತೊಟ್ಟಿಯ ನೀರು ಹಾಗೇ ನಿಲ್ಲುತ್ತದೆ. ನಾನು ಆ ದಿನ ಕಿರುಚಿ ಹೇಳಿದ್ದು ಆರೋಗ್ಯದ ಸುದ್ದಿಯಲ್ಲ. ಅಪ್ಪ ವ್ಯಾಟಿನ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದರು. ಆದರೆ ಒಂದೊಂದು ರೆಸಿಸ್ಟರಿನ ಮೇಲೂ ಸಾವಿರ ವೋಲ್ಟು ಬೀಳುತ್ತಿತ್ತು, ಆ ಜಾತಿಯದು ಅಷ್ಟು ವೋಲ್ಟು ತಾಳುವಂಥದ್ದಲ್ಲ. ಶಾಖ ನೋಡಿದರು, ವೋಲ್ಟು ನೋಡಲಿಲ್ಲ. ಅಂದಿನಿಂದ ನಾನು ಅಪ್ಪನ ಸುಳ್ಳಿಗೆ ಒಂದು ಕಾರಣ ಕಂಡುಕೊಂಡೆ. ಅವರಿಗೆ ತಮ್ಮ ಲೆಕ್ಕ ತಪ್ಪಿತು ಎಂದು ಒಪ್ಪಿಕೊಳ್ಳುವುದಕ್ಕಿಂತ, ಎರಡು ಗೆರೆ ಎಳೆದ ಉತ್ತರವನ್ನು ಅಳಿಸುವುದಕ್ಕಿಂತ, ಮರೆತೆ ಎನ್ನುವುದು ಸುಲಭವಾಗಿತ್ತು. ತಂಗಿಯ ಸಾವಿನಲ್ಲೂ ಮನುಷ್ಯ ತನ್ನ ಜಾಣತನ ಉಳಿಸಿಕೊಳ್ಳಲು ನೋಡಿದ ಎಂದು ನನಗೆ ಅವರ ಮೇಲೆ ತಾತ್ಸಾರ ಹುಟ್ಟಿತು. ಬೈಯಲಿಲ್ಲ, ಕೇಳಲಿಲ್ಲ, ಹೊತ್ತಿಗೆ ಸರಿಯಾಗಿ ಬಡಿಸಿದೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡಾಗ ಬಂದವರು, "ಪಾಪ, ಗಟ್ಟಿಗಿತ್ತಿ" ಅಂದರು. ಗಟ್ಟಿತನ ಏನೂ ಇರಲಿಲ್ಲ, ಒಳಗೆ ಯಾವುದೂ ಅಲುಗಾಡುತ್ತಿರಲಿಲ್ಲ ಅಷ್ಟೆ.

ಆ ಹುಡುಗಿ ಸರ್ಕ್ಯೂಟ್ ತೋರಿಸಿ ಹೋದ ವಾರದ ಕೊನೆಗೆ ನಾನು ಮನೆಯ ಅಟ್ಟ ಹತ್ತಿದೆ. ಅಪ್ಪ ಮಸಿನುಂಗಣ್ಣನ ಪೆಟ್ಟಿಗೆಯನ್ನು ಎಸೆದಿರಲಿಲ್ಲ, ಕ್ವಾರ್ಟರ್ಸಿನಿಂದ ಬರುವಾಗ ಗೋಣಿಯಲ್ಲಿ ಸುತ್ತಿ ತಂದಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ. ಕೆಳಗಿಳಿಸಿ, ಮೊದಲು ಕಪಾಸಿಟರಿನ ಎರಡು ತುದಿಗೂ ವೈರು ಮುಟ್ಟಿಸಿ, ಅಷ್ಟು ವರ್ಷದ ಮೇಲೆ ಅದರಲ್ಲಿ ಏನೂ ಇರುವುದಿಲ್ಲ ಎಂದು ಗೊತ್ತಿದ್ದೂ ಮುಟ್ಟಿಸಿ, ಪಿಂಗಾಣಿ ಕೊಳವೆಯ ಮುಚ್ಚಳ ತೆಗೆದೆ. ಆರೂ ರೆಸಿಸ್ಟರ್ ಹೊರಗೆ ಜಾರಿದವು. ಮೀಟರಿಗೆ ಒಂದೊಂದಾಗಿ ಹಿಡಿಯಬೇಕೆಂದಿದ್ದೆ, ಬೇಕಾಗಲಿಲ್ಲ. ನಾಲ್ಕನೆಯದಕ್ಕೆ ಒಂದು ನೀಲಿ ದಾರ ಕಟ್ಟಿತ್ತು, ಹೊಲಿಗೆಯ ದಾರ, ಎರಡು ಸುತ್ತು, ಬಿಗಿಯಾದ ಗಂಟು. ಕಾರ್ಖಾನೆಯಲ್ಲಿ ಕೆಟ್ಟ ಭಾಗ ಸಿಕ್ಕರೆ ಒಳ್ಳೆಯದರ ಜೊತೆ ಬೆರೆಯದಿರಲೆಂದು ದಾರ ಕಟ್ಟಿಡುವುದು ಪದ್ಧತಿ. ಆದರೂ ಅಳೆದೆ. ಐದು ಸರಿ ಇದ್ದವು, ದಾರದ್ದು ಸತ್ತಿತ್ತು. ಅಂದರೆ ಅಪ್ಪ ಯಾವತ್ತೋ ತೆಗೆದು ಅಳೆದಿದ್ದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸ್ವಿಚ್ ಎಂದರು. ಇಷ್ಟು ವರ್ಷ ಅನುಮಾನವಾಗಿದ್ದದ್ದು ಈಗ ಕೈಯಲ್ಲಿ ಸಾಕ್ಷಿಯಾಗಿ ಕೂತಿತ್ತು, ನನಗೆ ಒಂದು ಬಗೆಯ ಕೆಟ್ಟ ಸಮಾಧಾನವಾಯಿತು. ಇದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ಆ ದಿನ ಆ ಕೋಣೆಯಲ್ಲಿದ್ದವರ ಪೈಕಿ ನನ್ನನ್ನು ಬಿಟ್ಟರೆ ಉಳಿದವರು ಸೆಲ್ವಂ ಮಾಮ ಒಬ್ಬರೇ.

ಭಾನುವಾರ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ನಮ್ಮ ಸಾಲಿನ ಮನೆಗಳಿಗೆ ಬಾಗಿಲು ಉಳಿದಿರಲಿಲ್ಲ, ಕೆಲವಕ್ಕೆ ಹೆಂಚೂ ಇರಲಿಲ್ಲ. ನೀಲತ್ತೆಯ ಕಿಟಕಿ ಇದ್ದ ಕಡೆ ಒಂದು ಚೌಕ ಮಾತ್ರ ಇತ್ತು, ಅದರಿಂದ ಆಚೆಯ ಮುಳ್ಳುಗಿಡ ಕಾಣುತ್ತಿತ್ತು. ಆಕಾಶ ಸ್ವಚ್ಛವಾಗಿತ್ತು, ಯಾರ ಮನೆಯ ಬಟ್ಟೆಯ ಮೇಲೂ ಮಸಿ ಕೂರುವಂತಿರಲಿಲ್ಲ. ನಿಂತು ನೋಡಿದೆ, ಏನೂ ಆಗಲಿಲ್ಲ, ಮುಂದೆ ನಡೆದೆ. ಸೆಲ್ವಂ ಮಾಮ ಸ್ವಲ್ಪ ದೂರದ ಓಣಿಯಲ್ಲಿ ಮಗಳ ಮನೆಯಲ್ಲಿದ್ದರು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕ ನನ್ನನ್ನು ಗುರುತಿಸಲು ಒಂದು ನಿಮಿಷ ತೆಗೆದುಕೊಂಡರು. ಕಾಫಿ ಬಂತು. ನಾನು ಚೀಲದಿಂದ ದಾರ ಕಟ್ಟಿದ ರೆಸಿಸ್ಟರ್ ತೆಗೆದು ಅವರ ಅಂಗೈಯಲ್ಲಿಟ್ಟೆ. "ಮಾಮ, ಅಪ್ಪ ಸ್ವಿಚ್ ಮರ್ತಿರ್ಲಿಲ್ಲ. ಇದು ಸತ್ತಿತ್ತು. ಅವ್ರಿಗೆ ಗೊತ್ತಿತ್ತು. ಲೆಕ್ಕ ತಪ್ಪಿತು ಅಂತ ಹೇಳ್ಕೊಳ್ಳೋಕೆ ಆಗ್ದೆ ಮರ್ತೆ ಅಂದ್ರು."

ಮಾಮ ಅದನ್ನು ಬೆರಳಲ್ಲಿ ಹೊರಳಿಸಿದರು. "ಗೊತ್ತಮ್ಮ. ನಾನು ಓಡಿ ಬಂದಾಗ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತಲ್ಲ, ನೋಡ್ದೆ. ಮೂರು ದಿನ ಆದ್ಮೇಲೆ ರುದ್ರಣ್ಣ, ನಾನು ಸೇರಿ ಇದನ್ನ ಅಳ್ದಿದ್ದು. ದಾರ ಕಟ್ದೋನು ನಾನೇ."

ನಾನು ಕಾಫಿ ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ನಾನು ಎಷ್ಟು ಜಗಳ ಆಡಿದೀನಿ ಗೊತ್ತಾ? ಲೆಕ್ಕ ತಪ್ತು ಅಂತ ಹೇಳು ರುದ್ರಣ್ಣ, ಯಾರ್ಗೆ ಬೇಕಾದ್ರೂ ತಪ್ಪುತ್ತೆ, ಅದು ಮರ್ಯಾದೆ. ಸ್ವಿಚ್ ಅಂದ್ರೆ ನಾಯಿ ಕೂಡ ಮೂಸಲ್ಲ ಅಂದೆ. ನಿಮ್ಮಪ್ಪ ಏನಂದ್ರು ಗೊತ್ತಾ? ಲೆಕ್ಕ ಅಂದ್ರೆ ಎಲ್ರೂ ಕೇಳ್ತಾರೆ ಸೆಲ್ವಂ. ಹೇಗಿತ್ತು, ಯಾರು ಮುಟ್ಟಿ ನೋಡಿದ್ದು, ಏನಂತ ಹೇಳಿದ್ದು ಅಂತ. ಮಗು ಹೆಸರು ಬರುತ್ತೆ. ಮರ್ತೆ ಅಂದ್ರೆ ಮಾತು ನನ್ನ ಹತ್ರಾನೇ ನಿಲ್ಲುತ್ತೆ. ಹಾಗಂದ್ರಮ್ಮ. ಸೆಕ್ಷನ್ನಲ್ಲಿ ಹುಡುಗ್ರು ನಗುವಾಗ ನಾನು ಅಲ್ಲೇ ನಿಂತಿರ್ತಿದ್ದೆ. ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು, ಬಿಡ್ಲಿಲ್ಲ."

ಓಣಿಯಲ್ಲಿ ಒಬ್ಬ ಸೊಪ್ಪಿನವಳು ಕೂಗಿಕೊಂಡು ಹೋದಳು. ಆಮೇಲೆ ನಾನು ಯಾರಿಗೂ ಹೇಳದ ಮಾತನ್ನು ಹೇಳಿದೆ. "ತಣ್ಣಗಿದೆ ಅಂತ ಕೂಗಿದ್ದು ನಾನು ಮಾಮ."

"ತಣ್ಣಗೇ ಇತ್ತಲ್ಲಮ್ಮ" ಅಂದರು ಸೆಲ್ವಂ ಮಾಮ. "ನೀನು ಇದ್ದದ್ದು ಹೇಳ್ದೆ. ಕೇಳಿಸ್ಕೊಂಡೋರು ನಾವು ಬೇರಿಂಗ್ ಮುಟ್ಟೋ ಜನ, ನಮ್ಗೆ ಅರ್ಥ ಆಗ್ಲಿಲ್ಲ. ನಿಮ್ಮಪ್ಪಾನೂ ಇದೇ ಮಾತು ಹೇಳ್ತಿದ್ರು. ಇನ್ಮೇಲೆ ಆ ಮಗೂನ ಏನೂ ನೋಡಿ ಹೇಳು ಅನ್ನಲ್ಲ, ಅವ್ಳು ಹೇಳಿದ್ದರ ಭಾರ ಅವ್ಳ ಮೇಲೆ ಬೀಳೋದು ಬೇಡ ಅಂತಿದ್ರು. ಚಿಕ್ಕ ಮಗು, ಮರ್ತುಬಿಡ್ತಾಳೆ ಬಿಡು ಸೆಲ್ವಂ ಅಂತಿದ್ರು." ಆಮೇಲೆ ನನ್ನ ಮುಖವನ್ನು ಹತ್ತಿರದಿಂದ ನೋಡಲು ಬಾಗಿ ಕೇಳಿದರು: "ಮರ್ತೆಯಾಮ್ಮ?"

ನಾನು ತಲೆಯಾಡಿಸಿದೆ. ಇಲ್ಲ ಎಂದೋ ಹೌದೆಂದೋ ಅವರಿಗೆ ಗೊತ್ತಾಯಿತೋ ಇಲ್ಲವೋ. ನನ್ನ ಕಣ್ಣಲ್ಲಿ ಆಗಲೂ ನೀರು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಅಪ್ಪ ಆ ದಿನದ ನನ್ನ ಕೂಗು ನನಗೆ ಮತ್ತೆ ಕೇಳದಿರಲಿ ಎಂದು ಸುಮ್ಮನಿದ್ದರು, ನಾನು ಅವರನ್ನು ಸಣ್ಣವರೆಂದುಕೊಂಡು ಸುಮ್ಮನಿದ್ದೆ. ಹೀಗೆ ಇಪ್ಪತ್ತೇಳು ವರ್ಷ, ಹಬ್ಬ ಬಿಡದೆ, ಒಂದೇ ಮನೆಯಲ್ಲಿ ಎದುರುಬದುರು ಕೂತು ಊಟ ಮಾಡಿದೆವು.